ಶಿವಮೂರ್ತಿ ಕಟ್ಟಿದ ಹುಳದ ಮನೆಗಳು

ಡ್ರಿಲ್ಲಿಂಗ್ ಸೆಕ್ಷನ್ನಿನಿಂದ ತನ್ನನ್ನು ಸ್ಕ್ರ್ಯಾಪ್ ಯಾರ್ಡಿಗೆ ಹಾಕಿ ಎಂದು ಶಿವಮೂರ್ತಿ ಬಾಯಿಬಿಟ್ಟು ಕೇಳಿದಾಗ ಸೂಪರ್‌ವೈಸರ್ ಅನಂತರಾಜು ಅದನ್ನು ತಮಾಷೆ ಅಂದುಕೊಂಡ. ವಸಂತನರಸಾಪುರದ ಆ ಕಾರ್ಖಾನೆಯಲ್ಲಿ ಹದಿನೇಳು ವರ್ಷದಿಂದ ಡ್ರಿಲ್ಲಿಂಗ್ ಮೆಷಿನ್ನಿನ ಮುಂದೆ ನಿಂತವನು ಶಿವಮೂರ್ತಿ. ಅವನು ತೂತು ಕೊರೆದ ಕಬ್ಬಿಣದ ಪೀಸನ್ನು ಯಾರೂ ಎರಡನೇ ಸಲ ಅಳೆದು ನೋಡುತ್ತಿರಲಿಲ್ಲ. ಸ್ಕ್ರ್ಯಾಪ್ ಯಾರ್ಡ್ ಎಂದರೆ ಕಾರ್ಖಾನೆಯ ಹಿಂಬದಿಯಲ್ಲಿ ಕಾಂಪೌಂಡಿಗೆ ಅಂಟಿಕೊಂಡ ಬಯಲು. ಸರಕು ಪೇರಿಸುವ ಮರದ ಪ್ಯಾಲೆಟ್ಟು ಮುರಿದದ್ದು, ಒದ್ದೆಯಾದ ರಟ್ಟು, ಪೈಪಿನ ತುಂಡು, ತುಕ್ಕು ಹಿಡಿದ ಚೂರುಪಾರು ಎಲ್ಲ ಅಲ್ಲಿ ಬಂದು ಬೀಳುತ್ತಿದ್ದವು. ಕೆಲಸ ಬಾರದವರನ್ನು ಅಲ್ಲಿಗೆ ಕಳಿಸುವುದು ರೂಢಿ.

“ಯಾಕ್ರೀ ಮೂರ್ತಿ, ಯಾರಾದ್ರೂ ಏನಾದ್ರೂ ಅಂದ್ರಾ?” ಎಂದ ಅನಂತರಾಜು.

“ಇಲ್ಲ ಸಾರ್. ನಿಂತೂ ನಿಂತೂ ಮೊಣಕಾಲು ಹಿಡ್ಕೊಂಡೈತೆ. ಅಲ್ಲಾದ್ರೆ ಒಂಚೂರು ಓಡಾಡ್ಕೊಂಡಿರ್ಬೋದು.”

ಮೊಣಕಾಲಿಗೆ ಏನೂ ಆಗಿರಲಿಲ್ಲ. ಕೆಟ್ಟಿದ್ದು ಕೈ. ದೀಪಾವಳಿ ಮುಗಿದು ಒಂದು ವಾರಕ್ಕೆ, ಕ್ಯಾಂಟೀನಿನಲ್ಲಿ ಟೀ ಎತ್ತಿಕೊಂಡಾಗ ಲೋಟದೊಳಗೆ ಟೀ ಅಲುಗಿದ್ದನ್ನು ಅವನು ನೋಡಿದ್ದ. ಯಾರೋ ಟೇಬಲ್ ಅಲುಗಿಸಿದರು ಎಂದುಕೊಂಡ. ಟೇಬಲ್ಲಿಗೆ ಯಾರೂ ತಾಗಿರಲಿಲ್ಲ. ಆಮೇಲೆ ಬೀಗಕ್ಕೆ ಕೀ ಹಾಕುವಾಗ, ಅಂಗಿಯ ಗುಂಡಿ ಹಾಕುವಾಗ, ಕೊನೆಗೆ ಮೆಷಿನ್ನಿನ ಹಿಡಿ ಹಿಡಿದಾಗಲೂ ಬೆರಳುಗಳು ಸಣ್ಣಗೆ ನಡುಗತೊಡಗಿದವು. ಒಂದು ದಿನ ಕೊರೆದದ್ದನ್ನು ತಾನೇ ಅಳೆದು ನೋಡಿದಾಗ ನಾಲ್ಕು ಪೀಸು ರಿಜೆಕ್ಟಾದವು. ಅವನ್ನು ತಾನೇ ಎತ್ತಿ ತೊಟ್ಟಿಯ ತಳಕ್ಕೆ ಹಾಕಿ, ಮೇಲೆ ಬೇರೆ ಚೂರು ಮುಚ್ಚಿದ.

ಇದೇನೆಂದು ಅವನಿಗೆ ಗೊತ್ತಿತ್ತು, ಅಥವಾ ಗೊತ್ತಿದೆ ಎಂದುಕೊಂಡಿದ್ದ. ಅವನ ಅಪ್ಪ ಚಿಕ್ಕರಂಗಯ್ಯ ಹುತ್ರಿದುರ್ಗದಲ್ಲಿ ರಾಗಿ ಹೊಲ, ನಲವತ್ತು ತೆಂಗಿನಮರ ಇಟ್ಟುಕೊಂಡು ಗಟ್ಟಿಯಾಗಿ ಬದುಕಿದವನು. ಐವತ್ತೈದಕ್ಕೆ ಅವನ ಬಲಗೈ ನಡುಗಲು ಶುರುವಾಯಿತು. ಮುಂದೆ ಎಡಗೈ, ಆಮೇಲೆ ಗದ್ದ. ನಡಿಗೆ ಗೇಣುಗೇಣಾಗಿ, ಮಾತು ಗಂಟಲಲ್ಲೇ ಉಳಿದು, ಮುಖದ ಮೇಲೆ ನಗು ಬರುವುದು ನಿಂತುಹೋಯಿತು. ಒಂಬತ್ತು ವರ್ಷ ಹಾಗಿದ್ದ. ಅಷ್ಟೂ ವರ್ಷ ಅವನಿಗೆ ತುತ್ತು ಮಾಡಿ ತಿನ್ನಿಸಿದವಳು, ಮೈ ತೊಳೆದವಳು, ಮಗ್ಗುಲು ಬದಲಿಸಿದವಳು ಅಮ್ಮ ಚಿಕ್ಕಗಂಗಮ್ಮ. ಶಿವಮೂರ್ತಿಗೆ ಈಗ ಐವತ್ಮೂರು.

ಯಾರಿಗೂ ಹೇಳಲಿಲ್ಲ. ಡಾಕ್ಟರ ಬಳಿ ಹೋಗಲಿಲ್ಲ. ಹೋದರೆ ಆ ಕಾಯಿಲೆಯ ಹೆಸರು ಹೇಳಿಬಿಡುತ್ತಾರೆ, ಹೇಳಿದ ಮೇಲೆ ಅದು ನಿಜವಾಗುತ್ತದೆ ಎಂಬಂಥ ಒಂದು ಅಂಜಿಕೆ. ಸಂಕ್ರಾಂತಿಗೆ ಊರಿಗೆ ಹೋದಾಗ ಇಡೀ ದಿನ ಕೈಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಕೂತಿದ್ದು, ಸಂಜೆಯ ಬಸ್ಸಿಗೇ ತುಮಕೂರಿಗೆ ಹೊರಟುಬಿಟ್ಟ. ಬೇರೆ ಯಾರ ಕಣ್ಣಿಗೆ ಬೀಳದಿದ್ದರೂ ಅಮ್ಮ ಒಂದು ಸಲ ನೋಡಿದರೆ ಸಾಕು. ಆಮೇಲೆ ಅವನು ಊರಿಗೆ ಹೋಗುವುದನ್ನೇ ಬಿಟ್ಟ. ತಮ್ಮ ಲಕ್ಷ್ಮೀಕಾಂತ ಫೋನ್ ಮಾಡಿದಾಗಲೆಲ್ಲ ಓವರ್‌ಟೈಮ್ ಇದೆ ಅನ್ನುತ್ತಿದ್ದ.

ಸ್ಕ್ರ್ಯಾಪ್ ಯಾರ್ಡಿನಲ್ಲಿ ಅವನಿಗೆ ನಿರಾಳವೆನಿಸಿತು. ಕಬ್ಬಿಣ ಬೇರೆ, ಮರ ಬೇರೆ, ರಟ್ಟು ಬೇರೆ ಮಾಡಿ ಗುಡ್ಡೆ ಹಾಕಬೇಕು, ಅಷ್ಟೇ. ಕೈ ನಡುಗಿದರೂ ನೋಡುವವರಿಲ್ಲ. ಫೆಬ್ರವರಿಯ ಒಂದು ಮಧ್ಯಾಹ್ನ, ಕಾಂಪೌಂಡಿನ ಹೊಂಗೆಮರದ ನೆರಳಲ್ಲಿ ಕೂತು ಬುತ್ತಿ ಉಣ್ಣುತ್ತಿದ್ದಾಗ ಅವನ ಮುಂದೆಯೇ ಒಂದು ಹಸಿರು ಚೂರು ಗಾಳಿಯಲ್ಲಿ ತೇಲಿಹೋಯಿತು. ಎಲೆಯ ಚೂರು ಹಾಗೆ ನೆಟ್ಟಗೆ, ಗುರಿಯಿಟ್ಟು ಹೋಗುವುದಿಲ್ಲ. ಬಗ್ಗಿ ನೋಡಿದ. ಕಪ್ಪು ಮೈಯ, ಹೊಟ್ಟೆಯ ಮೇಲೆ ಬಿಳಿ ಪಟ್ಟೆಯ ಒಂದು ಸಣ್ಣ ಜೇನು, ತನಗಿಂತ ದೊಡ್ಡದಾದ ದುಂಡನೆಯ ಎಲೆಚೂರನ್ನು ಹೊಟ್ಟೆಯ ಕೆಳಗೆ ಅವುಚಿಕೊಂಡು, ಮುರಿದ ಪ್ಯಾಲೆಟ್ಟಿನ ಬೋಲ್ಟಿನ ತೂತಿನೊಳಗೆ ಹೋಯಿತು. ಸ್ವಲ್ಪ ಹೊತ್ತಿಗೆ ಬರಿಗೈಯಲ್ಲಿ ಹೊರಬಂದು ಹಾರಿತು. ಮತ್ತೆ ಎಲೆಯೊಂದಿಗೆ ಬಂತು. ಶಿವಮೂರ್ತಿ ಊಟ ಮರೆತು ನೋಡಿದ. ಅದರ ಜೊತೆಗೆ ಬೇರೆ ಜೇನುಗಳಿರಲಿಲ್ಲ. ಒಂಟಿಯಾಗಿ, ಯಾರ ಗೊಡವೆಯೂ ಇಲ್ಲದೆ, ಅಚ್ಚುಕಟ್ಟಾಗಿ ಕೆಲಸ ಮಾಡುತ್ತಿತ್ತು.

ನಾಲ್ಕು ದಿನ ಹೀಗೆ ನಡೆಯಿತು. ಐದನೇ ದಿನ ತೂತಿನ ಬಾಯಿಗೆ ಎಲೆಯ ಬಿಲ್ಲೆಗಳನ್ನು ಒಂದರ ಮೇಲೊಂದು ಒತ್ತಿ ಮುಚ್ಚಳ ಹಾಕಿತ್ತು. ಶನಿವಾರ ಆ ಗುಡ್ಡೆಯ ಮರವೆಲ್ಲ ಸೌದೆಗೆಂದು ಲಾರಿ ಹತ್ತಬೇಕು. ಶಿವಮೂರ್ತಿ ಆ ಹಲಗೆಯೊಂದನ್ನು ಗರಗಸದಲ್ಲಿ ಕತ್ತರಿಸಿ ತೆಗೆದು, ಅನಂತರಾಜುವಿನಿಂದ ಗೇಟ್ ಪಾಸ್ ಬರೆಸಿಕೊಂಡ.

“ಒಂದು ಮೊಳ ಹಲಗೆಗೆ ಪಾಸಾ? ಏನ್ ಮಾಡ್ತೀರ್ರೀ ಇದನ್ನ?”

“ಒಳಗೆ ಜೇನಿನ ಮರಿ ಅವೆ ಸಾರ್.”

ಅನಂತರಾಜು ಅವನ ಮುಖವನ್ನೇ ನೋಡಿ ಸಹಿ ಹಾಕಿದ.

ತುಮಕೂರಿನ ಉಪ್ಪಾರಹಳ್ಳಿಯ ಮನೆಯಲ್ಲಿ ಅವನು, ಹೆಂಡತಿ ಮಾಲಿನಿ ಇಬ್ಬರೇ. ಮಗಳು ಇಂಪನಾ ಮದುವೆಯಾಗಿ ಹಾಸನದಲ್ಲಿದ್ದಳು. ಮಾಲಿನಿ ಮುಂದಿನ ರೂಮಿನಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡು ಬೀದಿಯವರ ಬ್ಲೌಸು, ಚೂಡಿದಾರ ಹೊಲಿಯುತ್ತಿದ್ದಳು. ಜೇನು ಎಂದ ತಕ್ಷಣ ಅವಳು ಎದ್ದು ನಿಂತಳು.

“ಹೆಜ್ಜೇನು ಎದ್ರೆ ಊರೇ ಓಡುತ್ತೆ, ನೀವು ಚೀಲದಲ್ಲಿ ಹಾಕ್ಕೊಂಡು ಬಂದಿದೀರಲ್ರೀ.”

“ಹೆಜ್ಜೇನಲ್ಲ ಕಣೇ. ಇದು ಒಂಟಿ. ಇದಕ್ಕೆ ಕಾಯೋಕೆ ತುಪ್ಪ ಇಲ್ಲ, ಜೇನುಹುಟ್ಟು ಇಲ್ಲ. ಯಾರ ಮೇಲೆ ಯಾಕೆ ಬೀಳುತ್ತೆ? ಕೈಯಲ್ಲಿ ಹಿಡಿದು ಹಿಸುಕಿದ್ರೆ ಮಾತ್ರ ಕಚ್ಚುತ್ತೆ.”

“ನಿಮಗೆ ಹೇಳಿತಾ ಅದು?”

ಮೊಬೈಲಿನಲ್ಲಿ ನೋಡಿದ್ದ. ಕೆಲಸ ಮುಗಿಸಿ ಕಂಪನಿ ಬಸ್ಸಿನಲ್ಲಿ ಬರುವಾಗ ಬರೀ ಅದನ್ನೇ ಹುಡುಕುತ್ತಿದ್ದ. ಗೂಡು ಕಟ್ಟಿ ಗುಂಪಾಗಿ ಬಾಳುವ ಜೇನಿಗಿಂತ ಹೀಗೆ ಒಂಟಿಯಾಗಿ ಬದುಕುವ ಜಾತಿಗಳೇ ಹೆಚ್ಚು, ಕೆಲವು ಎಲೆ ಕತ್ತರಿಸುತ್ತವೆ, ಕೆಲವು ಮಣ್ಣು ಮೆತ್ತುತ್ತವೆ, ಒಣಮರದ ತೂತು, ಟೊಳ್ಳು ಕಡ್ಡಿ ಸಿಗದೆ ಊರುಗಳಲ್ಲಿ ಅಲೆಯುತ್ತವೆ ಎಂದು ತಿಳಿದುಕೊಂಡಿದ್ದ. ತೂತು ತಾನೇ, ಎಂದುಕೊಂಡ. ಜೀವಮಾನವೆಲ್ಲ ತೂತು ಕೊರೆದವನಿಗೆ ಅದೇನು ಕಷ್ಟ.

ತಂದ ಹಲಗೆಯನ್ನು ಮರಿ ಹಾರಿಹೋಗುವವರೆಗೆ ಹಿತ್ತಿಲಿನ ನೆರಳಲ್ಲಿ ಇಟ್ಟ. ಜೇನುಗಳಿಗೆಂದು ಕಟ್ಟಿದ ಮೊದಲನೇ ಮನೆ ಹಾಳಾಯಿತು. ಹಲಗೆಗಳನ್ನು ಪೆಟ್ಟಿಗೆಯ ಹಾಗೆ ಜೋಡಿಸಿ, ಕೈ ಡ್ರಿಲ್ಲಿನಿಂದ ಅರವತ್ತು ತೂತು ಕೊರೆದು ಮಹಡಿಯ ಕಟ್ಟೆಗೆ ಕಟ್ಟಿದ. ಏಳು ವಾರ ಒಂದು ಜೇನೂ ಬರಲಿಲ್ಲ. ಇರುವೆ ಬಂತು, ಒಂದು ಹಲ್ಲಿ ಬಂದು ಸಂಸಾರ ಹೂಡಿತು. ಒಂದು ಭಾನುವಾರ ಅದನ್ನು ಬಿಚ್ಚಿ, ಕನ್ನಡಕ ಹಾಕಿಕೊಂಡು ತೂತುಗಳನ್ನು ನೋಡಿದ. ಒಂದೂ ದುಂಡಗಿರಲಿಲ್ಲ. ಕೈ ನಡುಗಿದಂತೆಲ್ಲ ಡ್ರಿಲ್ಲಿನ ಮೊನೆ ಅಲುಗಿ, ಬಾಯಿ ಮೊಟ್ಟೆಯಾಕಾರಕ್ಕೆ ಹರಿದು, ಒಳಗೆಲ್ಲ ನಾರು ಎದ್ದಿತ್ತು. ಅಂಥ ತೂತಿಗೆ ಹೋದರೆ ರೆಕ್ಕೆ ಹರಿಯುತ್ತದೆ. ಜೇನು ಯಾಕೆ ಬಂದಾವು? ಅವನು ಆ ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದ. ರಿಜೆಕ್ಟಾದ ಪೀಸನ್ನು ಮನೆಗೂ ತಂದಂತಾಗಿತ್ತು.

ಆದರೆ ಅವನು ಮೆಷಿನ್ನಿನ ಮನುಷ್ಯ. ಕೈ ಕೆಟ್ಟರೆ ಕೈಯ ಕೆಲಸವನ್ನು ಕಬ್ಬಿಣಕ್ಕೆ ಒಪ್ಪಿಸಬಹುದು ಎಂದು ಅವನಿಗೆ ಹೊಳೆಯಿತು. ಯಾರ್ಡಿನಲ್ಲಿ ಸಿಕ್ಕ ಎರಡು ಪೈಪು, ಬಳೆಯಂಥ ಒಂದು ಸವೆದ ಬುಷ್ಷು, ಹಳೇ ಕಪಾಟಿನ ತಗಡು ಸೇರಿಸಿ ಒಂದು ಸ್ಟ್ಯಾಂಡ್ ಮಾಡಿದ. ಡ್ರಿಲ್ಲನ್ನು ಅದಕ್ಕೆ ಕಚ್ಚಿಸಿದರೆ ಅದು ಪೈಪಿನ ಮೇಲೆ ಜಾರಿ ನೆಟ್ಟಗೆ ಕೆಳಗಿಳಿಯುತ್ತಿತ್ತು. ಕೈ ಎಷ್ಟೇ ನಡುಗಲಿ, ಡ್ರಿಲ್ಲಿನ ಮೊನೆ ನಡುಗುತ್ತಿರಲಿಲ್ಲ.

ಎರಡನೇ ಮನೆಗೆ ಮರ ಆರಿಸುವುದನ್ನೂ ಕಲಿತ. ಬೇರೆ ದೇಶದಿಂದ ಬರುವ ಪ್ಯಾಲೆಟ್ಟಿನ ಮೇಲೆ ಮುದ್ರೆ ಇರುತ್ತದೆ. ಎಚ್‌ಟಿ ಎಂದಿದ್ದರೆ ಮರವನ್ನು ಬರೀ ಕಾಯಿಸಿದ್ದಾರೆ, ಎಂಬಿ ಎಂದಿದ್ದರೆ ವಿಷದ ಹೊಗೆ ಹಾಕಿದ್ದಾರೆ. ಎಂಬಿ ಮರವನ್ನು ಮುಟ್ಟಲಿಲ್ಲ. ತೂತುಗಳನ್ನು ನಾಲ್ಕು ಎಂಎಂನಿಂದ ಹತ್ತು ಎಂಎಂವರೆಗೆ ಬೇರೆಬೇರೆ ಅಳತೆಗೆ ಕೊರೆದು, ಹಿಂದಿನ ತುದಿ ಮುಚ್ಚಿಬಿಟ್ಟ. ಪೆನ್ಸಿಲ್ಲಿಗೆ ಮರಳುಕಾಗದ ಸುತ್ತಿ ಒಳಗೆಲ್ಲ ನುಣುಪಾಗಿ ಉಜ್ಜಿದ. ಲೇಬಲ್ ರೋಲಿನ ರಟ್ಟಿನ ಕೊಳವೆ, ಒಣಗಿದ ಔಡಲ ಕಡ್ಡಿ, ಪರಂಗಿ ಎಲೆಯ ತೊಟ್ಟು ಕತ್ತರಿಸಿ ಒಂದು ಖಾನೆಗೆ ತುಂಬಿದ. ಇನ್ನೊಂದು ಖಾನೆಗೆ ತೆಂಗಿನ ಮಟ್ಟೆಯ ಚೂರು, ಒಣ ಎಲೆ ಹಾಕಿದ, ಗುಲಗಂಜಿ ಹುಳಕ್ಕೆಂದು. ಮೇಲೆ ಒಡೆದ ಮಂಗಳೂರು ಹೆಂಚಿನ ಚಾವಣಿ. ಮಹಡಿ ಬಿಟ್ಟು ಹಿತ್ತಿಲಿನ ಗೋಡೆಯಲ್ಲಿ, ಸಜ್ಜೆಯ ಕೆಳಗೆ, ಬೆಳಗಿನ ಬಿಸಿಲಿಗೆ ಮುಖ ಮಾಡಿ ಸಿಕ್ಕಿಸಿದ. ಇರುವೆ ಹತ್ತದಂತೆ ಮೊಳೆಗಳಿಗೆ ಗ್ರೀಸು ಬಳಿದ.

ಹನ್ನೊಂದನೇ ದಿನ ಮಾಲಿನಿ ಫೋನ್ ಮಾಡಿದಳು. ಅವಳು ಡ್ಯೂಟಿ ಹೊತ್ತಿನಲ್ಲಿ ಫೋನ್ ಮಾಡುವವಳಲ್ಲ.

“ರೀ, ಒಂದು ತೂತು ಮುಚ್ಚಿಬಿಟ್ಟಿದೆ. ಹಸಿರು ಮುಚ್ಚಳ. ನಾನು ಬಟ್ಟೆ ಒಗೀತಾ ಇದ್ದೆ, ನನ್ನ ಪಕ್ಕದಲ್ಲೇ ಹಾರ್ಕೊಂಡು ಹೋಯ್ತು, ಏನೂ ಮಾಡ್ಲಿಲ್ಲ.”

“ಹೇಳಿರ್ಲಿಲ್ವಾ ನಾನು?”

“ಹೇಳಿದ್ರಿ ಬಿಡಿ,” ಎಂದು ಅವಳು ಫೋನಿಟ್ಟಳು.

ಆ ಎಲೆ ಎಲ್ಲಿಯದೆಂಬುದು ಮುಂದಿನ ವಾರ ಗೊತ್ತಾಯಿತು. ಪಕ್ಕದ ಮನೆಯ ಲಕ್ಷ್ಮೀನರಸಿಂಹಯ್ಯ ರಿಟೈರಾದ ಗಣಿತದ ಮೇಷ್ಟ್ರು, ಮೂವತ್ತು ಕುಂಡದಲ್ಲಿ ಗುಲಾಬಿ ಬೆಳೆಸಿದವರು. ಒಂದು ಬೆಳಿಗ್ಗೆ ಗೇಟಿನಲ್ಲಿ ನಿಂತು ಒಂದು ಎಲೆಯನ್ನು ಎತ್ತಿ ಹಿಡಿದರು. ಅಂಚಿನಲ್ಲಿ ಮೂರು ಕಡೆ ಕೈವಾರ ಇಟ್ಟು ಕತ್ತರಿಸಿದ ಹಾಗೆ ದುಂಡಗೆ ತುಂಡಾಗಿತ್ತು.

“ನೋಡಿ ಶಿವಮೂರ್ತಿ, ಎಂಥದೋ ಹುಳ ಬಿದ್ದಿದೆ. ಔಷಧಿ ತಂದಿದೀನಿ, ಸಂಜೆ ಹೊಡೀತೀನಿ. ನಿಮ್ಮ ಹಿತ್ತಿಲಿಗೂ ಹೊಡೀಲಾ?”

ಶಿವಮೂರ್ತಿ ಓಡಿಬಂದು ಗೇಟು ತೆರೆದ. “ಸಾರ್, ಹೊಡೀಬ್ಯಾಡಿ, ಒಂದು ಹತ್ತು ನಿಮಿಷ ಒಳಗೆ ಬನ್ನಿ,” ಎಂದು ಅವರನ್ನು ಹಿತ್ತಿಲಿಗೆ ಕರೆದೊಯ್ದು, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂರಿಸಿದ. ಮೇಷ್ಟ್ರ ಗುಲಾಬಿ ಎಲೆ ಗೋಡೆ ದಾಟಿ ಹಾರಿಬಂದು, ಅವರ ಮೂಗಿನ ಮುಂದೆಯೇ ತೂತಿನೊಳಗೆ ಹೋಯಿತು. ಎರಡನೇ ಸಲ ಬಂದಾಗ ಮೇಷ್ಟ್ರು ಗಡಿಯಾರ ನೋಡಿಕೊಂಡರು. ಐದನೇ ಸಲಕ್ಕೆ, “ಎಲ್ಲ ಒಂದೇ ಅಳತೆ ಕಣ್ರೀ,” ಎಂದರು, ಧ್ವನಿ ತಗ್ಗಿಸಿ. “ನಾನು ಎಷ್ಟು ವರ್ಷ ಬೋರ್ಡ್ ಮೇಲೆ ಸರಿಯಾಗಿ ವೃತ್ತ ಬರೀರೋ ಅಂತ ಬಡ್ಕೊಂಡೆ.” ಎಲೆ ಹೋದರೆ ಗಿಡ ಸಾಯುವುದಿಲ್ಲ, ಮತ್ತೆ ಚಿಗುರುತ್ತದೆ ಎಂದು ಶಿವಮೂರ್ತಿ ಹೇಳಿದ. ಔಷಧಿಯ ಬಾಟಲಿ ಅಂಗಡಿಗೆ ವಾಪಸು ಹೋಯಿತು. ತಮಗೂ ಒಂದು ಮನೆ ಬೇಕೆಂದು ಮೇಷ್ಟ್ರು ಅವತ್ತೇ ಹೇಳಿದರು.

ಮಳೆಗಾಲ ಮುಗಿಯುವ ಹೊತ್ತಿಗೆ ಉಪ್ಪಾರಹಳ್ಳಿಯ ಆ ಬೀದಿಗಳಲ್ಲಿ ಹನ್ನೆರಡು ಹುಳದ ಮನೆಗಳಾದವು. ಕೆಲವರು ನೋಡಿ ನಕ್ಕರು, ಕೆಲವರು ತಮ್ಮ ಮುರಿದ ಕಿಟಕಿ ಚೌಕಟ್ಟು, ಹಳೇ ಹೆಂಚು ತಂದುಕೊಟ್ಟರು. ಮಾಲಿನಿ ದಾರದ ಖಾಲಿ ಉರುಳೆಗಳನ್ನು ಕೂಡಿಡುತ್ತಿದ್ದಳು. ಶಿವಮೂರ್ತಿಗೆ ಕೆಲಸ ಮಾಡುವಷ್ಟು ಹೊತ್ತು ಮನಸ್ಸು ಹಗುರವಾಗುತ್ತಿತ್ತು. ಸ್ಟ್ಯಾಂಡಿನಿಂದ ಡ್ರಿಲ್ ಬಿಚ್ಚಿದ ಕೂಡಲೇ ಕೈ ತನ್ನ ಪಾಡಿಗೆ ನಡುಗುತ್ತಿತ್ತು. ಈಗ ರಾತ್ರಿ ನಿದ್ದೆಯೂ ಸರಿಯಾಗಿ ಬರುತ್ತಿರಲಿಲ್ಲ, ಫ್ಯಾನಿನ ಕೆಳಗೂ ಬೆವರು. ಎಷ್ಟು ಉಂಡರೂ ಮೈ ಹತ್ತುತ್ತಿರಲಿಲ್ಲ. ಎಲ್ಲ ಅಪ್ಪನ ಕಾಯಿಲೆಯದೇ ಎಂದು ಅವನು ಒಂದೇ ಲೆಕ್ಕಕ್ಕೆ ಸೇರಿಸಿಬಿಟ್ಟಿದ್ದ.

ಮೇಷ್ಟ್ರ ಮಗಳು ತ್ರಿವೇಣಿ ಗುಬ್ಬಿ ಹತ್ತಿರದ ಒಂದು ಸರ್ಕಾರಿ ಶಾಲೆಯಲ್ಲಿ ಟೀಚರು. ತವರಿಗೆ ಬಂದಾಗ ಗೋಡೆಯ ಹುಳದ ಮನೆ ನೋಡಿ, ಶಾಲೆಯ ತೋಟಕ್ಕೆ ಮಕ್ಕಳಿಂದಲೇ ಅಂಥದ್ದೊಂದು ಮಾಡಿಸಿಕೊಡಿ ಎಂದಳು. ಶಿವಮೂರ್ತಿ ಡ್ಯೂಟಿ, ರಜೆ ಎಂದು ಏನೇನೋ ಹೇಳಿದ. ಅಷ್ಟರಲ್ಲಿ ಮೇಷ್ಟ್ರು, “ಬರ್ತಾರಮ್ಮ, ನಾನು ಕಳಿಸ್ತೀನಿ,” ಎಂದುಬಿಟ್ಟಿದ್ದರು.

ಸೆಪ್ಟೆಂಬರಿನ ಕೊನೆಯ ಶನಿವಾರ ಅವನು ಹಲಗೆ, ಡ್ರಿಲ್ಲು, ಕೊಳವೆಗಳ ಚೀಲ, ಸ್ಟ್ಯಾಂಡ್ ಹೊತ್ತುಕೊಂಡು ಗುಬ್ಬಿ ಬಸ್ಸು ಹತ್ತಿದ. ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಶಾಲೆಯಲ್ಲಿ ಇಳಿಸಿ ನೋಡಿದರೆ ಸ್ಟ್ಯಾಂಡಿನ ಒಂದು ಪೈಪು ಬೆಸುಗೆ ಬಿಟ್ಟು ಜೋತುಬಿದ್ದಿತ್ತು. ಹೊಂಗೆಮರದ ಕೆಳಗೆ ನಲವತ್ತು ಮಕ್ಕಳು ಸಾಲಾಗಿ ಕೂತು ಅವನನ್ನೇ ನೋಡುತ್ತಿದ್ದರು. ಇನ್ನೊಂದು ಕಡೆ ಜಗುಲಿಯಲ್ಲಿ ಆರೋಗ್ಯ ತಪಾಸಣೆಗೆ ಬಂದ ತಂಡ ಸಣ್ಣ ತರಗತಿಯ ಮಕ್ಕಳ ತೂಕ ನೋಡುತ್ತಿತ್ತು.

ವಾಪಸು ಹೋಗುವ ಹಾಗಿರಲಿಲ್ಲ. ಶಿವಮೂರ್ತಿ ಹಲಗೆಯನ್ನು ಬೆಂಚಿನ ಮೇಲಿಟ್ಟು ಡ್ರಿಲ್ಲನ್ನು ಬರಿಗೈಯಲ್ಲಿ ಹಿಡಿದ. ಡ್ರಿಲ್ಲಿನ ಮೊನೆ ಪೆನ್ಸಿಲ್ ಗುರುತಿನ ಸುತ್ತ ನೊಣದ ಹಾಗೆ ಸುತ್ತಾಡಿತು. ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದುಕೊಂಡ. ಎರಡೂ ನಡುಗಿದವು.

“ಸಾರ್, ನಿಮ್ ಕೈ ನಡುಗ್ತಾ ಐತೆ,” ಎಂದಳು ಮುಂದಿನ ಸಾಲಿನ ಒಬ್ಬ ಹುಡುಗಿ. ಅದರಲ್ಲಿ ಲೇವಡಿ ಇರಲಿಲ್ಲ. ಕಂಡದ್ದನ್ನು ಹೇಳಿದ್ದಳು.

ಹತ್ತು ತಿಂಗಳಿಂದ ಮುಚ್ಚಿಟ್ಟಿದ್ದನ್ನು ಯಾರೋ ಬಯಲಲ್ಲಿ ಕೂಗಿ ಹೇಳಿದಂತಾಯಿತು. ಡ್ರಿಲ್ ಕೆಳಗಿಟ್ಟ. ತ್ರಿವೇಣಿಗೆ ಅರ್ಥವಾಯಿತೇನೋ, ಮೊದಲು ಎಲ್ಲರೂ ಹಳೇ ನೋಟ್‌ಬುಕ್ಕಿನ ಹಾಳೆ ಸುತ್ತಿ ಕೊಳವೆ ಮಾಡಿ ಎಂದು ಮಕ್ಕಳನ್ನು ಬೇರೆ ಕೆಲಸಕ್ಕೆ ಹಚ್ಚಿದಳು. ಶಿವಮೂರ್ತಿ ನಲ್ಲಿಯ ಹತ್ತಿರ ಹೋಗಿ ಮುಖ ತೊಳೆಯುತ್ತಿದ್ದಾಗ, ಜಗುಲಿಯಿಂದ ಡಾಕ್ಟರ್ ಇಳಿದು ಬಂದಳು. ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಕೋಟಿನ ಮೇಲೆ ಹರ್ಷಿತಾ ಎಂದು ಹೆಸರಿತ್ತು.

“ಒಂದ್ನಿಮಿಷ ಬಂದು ಕೂತ್ಕೊಳ್ತೀರಾ? ಮಕ್ಕಳದು ಮುಗೀತು, ನನಗೂ ಕೆಲಸ ಇಲ್ಲ.”

ಬೇಡವೆನ್ನಲು ಬಾಯಿ ತೆರೆದ. ಕಾಲು ಅವಳ ಹಿಂದೆಯೇ ಹೋಯಿತು. ಅವಳು ಎರಡೂ ಕೈ ಮುಂದೆ ಚಾಚಲು ಹೇಳಿ, ಬೆರಳುಗಳ ಮೇಲೆ ಒಂದು ಹಾಳೆ ಇಟ್ಟಳು. ಹಾಳೆಯ ಅಂಚು ಪಟಪಟ ನಡುಗಿತು. ನಾಡಿ ಹಿಡಿದು ಗಡಿಯಾರ ನೋಡಿದಳು. ಕತ್ತನ್ನು ಮುಟ್ಟಿ, ಉಗುಳು ನುಂಗಿ ಎಂದಳು.

“ತೂಕ ಇಳಿದಿದೆಯಾ?”

“ಇಳಿದದೆ.”

“ಹಸಿವು?”

“ಹಸಿವು ಜಾಸ್ತೀನೇ. ಉಂಡಿದ್ದು ಎಲ್ಲಿಗೆ ಹೋಯ್ತದೋ ಗೊತ್ತಿಲ್ಲ.”

ಬೆವರು, ನಿದ್ದೆ, ಎದೆಬಡಿತ ಎಲ್ಲ ಕೇಳಿದಳು. ಅವನು ಒಂದೊಂದಕ್ಕೂ ಹೂಂ ಎಂದು, ಕೊನೆಗೆ ತಾನಾಗಿಯೇ ಹೇಳಿದ: “ನಮ್ಮಪ್ಪಂಗೂ ಇದೇ ಇತ್ತು ಮೇಡಂ. ನಡುಗೋ ಕಾಯಿಲೆ. ಒಂಬತ್ತು ವರ್ಷ ನರಳಿ ಹೋದ್ರು. ನಂಗೂ ಬಂದೈತೆ ಅಂತ ಗೊತ್ತು.”

ಹರ್ಷಿತಾ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. “ಒಂದು ನೆನಪು ಮಾಡ್ಕೊಂಡು ಹೇಳಿ. ನಿಮ್ಮ ತಂದೆಯವರ ಕೈ ಯಾವಾಗ ನಡುಗ್ತಿತ್ತು? ಏನಾದ್ರೂ ಹಿಡ್ಕೊಂಡಾಗಲೋ, ಸುಮ್ನೆ ತೊಡೆ ಮೇಲೆ ಇಟ್ಟಾಗಲೋ?”

ಶಿವಮೂರ್ತಿ ಕಣ್ಣು ಮುಚ್ಚಿದ. ಜಗುಲಿಯ ಕಂಬಕ್ಕೆ ಒರಗಿ ಕೂತ ಅಪ್ಪ, ತೊಡೆಯ ಮೇಲೆ ತನ್ನಷ್ಟಕ್ಕೆ ಆಡುವ ಕೈ, ಬೀಡಿ ಹೊಸೆಯುವ ಹಾಗೆ ಉಜ್ಜಿಕೊಳ್ಳುವ ಬೆರಳು. “ಸುಮ್ನೆ ಇದ್ದಾಗಲೇ ಜಾಸ್ತಿ. ಲೋಟ ಹಿಡ್ಕೊಂಡ್ರೆ ಮೊದಮೊದಲು ನಿಲ್ಲೋದು.”

“ಈಗ ನಿಮ್ಮ ಕೈ ತೊಡೆ ಮೇಲಿದೆ, ನೋಡಿ.”

ನೋಡಿದ. ಕೈ ಮಲಗಿದ ಹಾಗಿತ್ತು.

“ನಿಮ್ದು ಉಲ್ಟಾ. ರಕ್ತ ಪರೀಕ್ಷೆ ಆಗದೆ ನಾನು ಏನೂ ಖಂಡಿತ ಹೇಳಲ್ಲ. ಆದ್ರೆ ಇದು ಥೈರಾಯ್ಡ್ ಥರ ಕಾಣ್ತಿದೆ. ಕತ್ತಲ್ಲಿರೋ ಗ್ರಂಥಿ ಕೆಲಸ ಅತಿಯಾಗಿ ಮಾಡಿದ್ರೆ ಹೀಗಾಗುತ್ತೆ. ಅದಕ್ಕೆ ಮಾತ್ರೆ ಇದೆ. ಸೋಮವಾರ ತುಮಕೂರಲ್ಲಿ ಪರೀಕ್ಷೆ ಮಾಡಿಸಿ. ಮುಂದೂಡಬೇಡಿ.” ಒಂದು ಚೀಟಿ ಬರೆದುಕೊಟ್ಟಳು.

ಅವತ್ತು ಮಕ್ಕಳು ಮಾಡಿದ್ದು ಡ್ರಿಲ್ ಇಲ್ಲದ ಮನೆ. ಹಳೇ ಎಣ್ಣೆ ಡಬ್ಬದ ತುಂಬ ಔಡಲ ಕಡ್ಡಿ, ಕಾಗದದ ಕೊಳವೆ ಒತ್ತೊತ್ತಾಗಿ ತುಂಬಿ, ದಾಸವಾಳದ ಬೇಲಿಯ ಪಕ್ಕದ ಕಂಬಕ್ಕೆ ಕಟ್ಟಿದರು. ಶಿವಮೂರ್ತಿ ಏನು ಹೇಳಿಕೊಟ್ಟನೋ ಅವನಿಗೇ ಸರಿಯಾಗಿ ನೆನಪಿಲ್ಲ. ಜೇಬಿನ ಚೀಟಿಯನ್ನು ಆಗಾಗ ಮುಟ್ಟಿ ನೋಡಿಕೊಳ್ಳುತ್ತಿದ್ದ.

ಮನೆಗೆ ಬಂದು ಮಾಲಿನಿಗೆ ಹೇಳಲೇಬೇಕಾಯಿತು. ಅವಳು ಹೊಲಿಗೆ ಮೆಷಿನ್ನಿನ ಮುಂದೆ ಕೂತಿದ್ದಳು. ಅವನು ಬಾಗಿಲಲ್ಲಿ ನಿಂತು, ದೀಪಾವಳಿಯಿಂದ ಕೈ ನಡುಗುತ್ತಿದೆ ಎಂದು ಶುರುಮಾಡಿದ.

“ಗೊತ್ತು,” ಎಂದಳು ಮಾಲಿನಿ.

“ಏನ್ ಗೊತ್ತು?”

“ಎರಡು ಸಲ ನಿಮ್ಮ ಪ್ಯಾಂಟಿನ ಸೊಂಟ ಹಿಡಿದು ಚಿಕ್ಕದು ಮಾಡಿದೀನಿ, ನಿಮಗೆ ಹೇಳ್ದೆ. ಕಾಫಿ ಮುಕ್ಕಾಲು ಲೋಟ ಕೊಡ್ತಾ ಇದೀನಿ, ಚೆಲ್ಲಬಾರದು ಅಂತ. ಒಂದು ದಿನ ಆದ್ರೂ ಕೇಳಿದ್ರಾ, ಯಾಕೆ ಕಮ್ಮಿ ಅಂತ?” ಅವಳು ಸೂಜಿಯ ಕೆಳಗಿನ ಬಟ್ಟೆ ತೆಗೆದು ಪಕ್ಕಕ್ಕಿಟ್ಟಳು. “ನೀವಾಗಿ ಹೇಳ್ತೀರಿ ಅಂತ ಕಾಯ್ತಾ ಇದ್ದೆ. ಕೇಳಿದ್ರೆ ಎಲ್ಲಿ ಮಾವನವರ ಹೆಸರು ಎತ್ತುತ್ತೀರೋ ಅಂತ ನಂಗೂ ಭಯ.”

ಅವನು ಅವಳ ಪಕ್ಕದ ಸ್ಟೂಲಿನ ಮೇಲೆ ಕೂತ. ಇಬ್ಬರೂ ಒಂದೇ ಮನೆಯಲ್ಲಿ ಒಂದೇ ಭಯವನ್ನು ಬೇರೆಬೇರೆ ಹೊತ್ತುಕೊಂಡು ಓಡಾಡಿದ್ದರು. ಚೀಟಿ ತೆಗೆದು ತೋರಿಸಿದ. ಅವಳು ಎರಡು ಸಲ ಓದಿ, ಮೆಷಿನ್ನಿನ ಡ್ರಾಯರಿನಲ್ಲಿ ಟೇಪಿನ ಜೊತೆ ಭದ್ರವಾಗಿ ಇಟ್ಟಳು.

ಸೋಮವಾರ ಇಬ್ಬರೂ ಹೋಗಿ ರಕ್ತ ಕೊಟ್ಟರು, ಬುಧವಾರ ರಿಪೋರ್ಟ್ ಬಂತು. ಆಸ್ಪತ್ರೆಯ ವಯಸ್ಸಾದ ಡಾಕ್ಟರು ಕಾಗದ ನೋಡಿ, ಕೈ ನೋಡಿ, ನಡೆಸಿ ನೋಡಿ, “ಥೈರಾಯ್ಡೇ. ನಿಮ್ಮ ತಂದೆಯವರ ಕಾಯಿಲೆಗೂ ಇದಕ್ಕೂ ಸಂಬಂಧ ಇಲ್ಲ. ಮಾತ್ರೆ ತಗೊಳ್ಳಿ, ಆರೆಂಟು ವಾರದಲ್ಲಿ ನಡುಕ ಇಳಿಯುತ್ತೆ. ಇಷ್ಟು ದಿನ ಯಾಕೆ ಬರ್ಲಿಲ್ಲ?” ಎಂದರು. ಶಿವಮೂರ್ತಿಗಿಂತ ಮೊದಲು ಮಾಲಿನಿಯೇ, “ಓವರ್‌ಟೈಮ್ ಇತ್ತು ಸಾರ್,” ಎಂದಳು.

ಹೊರಗೆ ಬಂದು ಮೆಟ್ಟಿಲಿನ ಮೇಲೆ ನಿಂತು ಅವನು ಕಂಬ ಹಿಡಿದುಕೊಂಡ. ಅಳು ಬಂದೀತು ಎಂದುಕೊಂಡ, ಬಂದದ್ದು ಹಸಿವು. ಎದುರಿನ ಹೋಟೆಲಿಗೆ ಹೋಗಿ ತಟ್ಟೆ ಇಡ್ಲಿ ತಿಂದರು. ಅವನು ನಾಲ್ಕು ತಿಂದ. ಮಾಲಿನಿ ತನ್ನದನ್ನು ಅರ್ಧಕ್ಕೆ ಬಿಟ್ಟು, ಅವನು ತಿನ್ನುವುದನ್ನೇ ನೋಡುತ್ತ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸಾಂಬಾರು ಖಾರ ಎಂದಳು.

ಮೂರನೇ ವಾರಕ್ಕೆ ನಿದ್ದೆ ಬಂತು. ಐದನೇ ವಾರ ಗುಂಡಿ ಹಾಕಿಕೊಳ್ಳುವುದು ಸಲೀಸಾಯಿತು. ಅನಂತರಾಜು ಮತ್ತೆ ಮೆಷಿನ್ನಿಗೆ ಬರ್ತೀರಾ ಎಂದು ಕೇಳಿದಾಗ, ಎಲ್ಲ ವಿಷಯ ಬಿಚ್ಚಿ ಹೇಳಿ, ಬರ್ತೀನಿ ಎಂದ. ಯಾರ್ಡಿನ ಒಳ್ಳೇ ಹಲಗೆ ಕಂಡರೆ ಎತ್ತಿಡಿ ಎಂದು ಅಲ್ಲಿಗೆ ಬಂದ ಹೊಸಬನಿಗೆ ಹೇಳಿಯೂ ಬಂದ. ಆದರೆ ಹುತ್ರಿದುರ್ಗಕ್ಕೆ ಮಾತ್ರ ತಕ್ಷಣ ಹೋಗಲಿಲ್ಲ. ಅಮ್ಮನ ಮುಂದೆ ನಿಲ್ಲುವ ಹೊತ್ತಿಗೆ ಕೈ ಪೂರ್ತಿ ನಿಂತಿರಬೇಕು ಎಂದು ಕಾದ.

ನವೆಂಬರಿನ ಎರಡನೇ ಭಾನುವಾರ ಕುಣಿಗಲ್‌ಗೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಊರಿಗೆ ಹೋದ. ಕೈಯಲ್ಲಿ ಒಂದು ಹುಳದ ಮನೆ. ದಾರಿಯುದ್ದಕ್ಕೂ ಹುಚ್ಚೆಳ್ಳು ಹಳದಿಯಾಗಿ ಅರಳಿತ್ತು, ರಾಗಿ ತೆನೆ ತೂಗುತ್ತಿತ್ತು. ಅಮ್ಮ ಜಗುಲಿಯಲ್ಲಿ ಅವರೆಕಾಯಿ ಬಿಡಿಸುತ್ತ ಕೂತಿದ್ದಳು. ತಲೆಯೆತ್ತಿ ನೋಡಿ, ಮತ್ತೆ ಮೊರದ ಕಡೆ ಬಗ್ಗಿದಳು.

“ಏನ್ಲಾ, ದಾರಿ ಗೊತ್ತಾಯ್ತಾ?”

“ಅಮ್ಮ, ಒಂದು ವಿಷಯ ಹೇಳ್ಬೇಕು.”

“ಹೇಳು. ಭಾಗ ಬೇಕು ಅನ್ನೋದಾದ್ರೆ ನಿನ್ ತಮ್ಮನ್ನೂ ಕರೀತೀನಿ. ಹತ್ತು ತಿಂಗಳಿಂದ ನೀನು ಈ ಕಡೆ ಬರ್ನಿಲ್ಲ, ಅವನು ಬಾಯಿ ಬಿಡಕಿಲ್ಲ. ಅಣ್ಣತಮ್ಮದೀರು ಜಮೀನಿಗೆ ಮುನಿಸ್ಕೊಂಡವ್ರೆ ಅಂತ ನಾನು ಒಳಗೊಳಗೇ ಬೆಂದು ಹೋಗಿವ್ನಿ.”

ಶಿವಮೂರ್ತಿ ದಂಗಾದ. ಅಮ್ಮನನ್ನು ನೋಯಿಸಬಾರದೆಂದು ತಾನು ದೂರ ನಿಂತಿದ್ದರೆ, ಅವಳು ಅಷ್ಟೂ ದಿನ ಬೇರೆಯೇ ನೋವು ತಿಂದಿದ್ದಳು. ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದ. ಟೀ ಅಲುಗಿದ್ದು, ಟವೆಲ್ಲಿನಲ್ಲಿ ಕೈ ಮುಚ್ಚಿದ್ದು, ಶಾಲೆಯ ಡಾಕ್ಟರ್, ರಿಪೋರ್ಟ್. ಅಪ್ಪನ ಕಾಯಿಲೆ ಎಂದಾಗ ಅವಳ ಬೆರಳುಗಳು ಅವರೆಕಾಯಿಯ ಮೇಲೆ ನಿಂತವು.

“ಕೈ ಕೊಡು,” ಎಂದಳು.

ಎರಡೂ ಕೈ ಚಾಚಿದ. ಅವಳು ಅವನ್ನು ತನ್ನ ಅಂಗೈ ಮೇಲೆ ಇಟ್ಟುಕೊಂಡು, ಒಂಬತ್ತು ವರ್ಷ ನಡುಗುವ ಕೈ ಹಿಡಿದು ಕಲಿತವಳ ಹಾಗೆ, ಒತ್ತಿ, ಸಡಿಲಿಸಿ, ಬೆರಳು ಬೆರಳನ್ನೂ ನೋಡಿದಳು. ಆಮೇಲೆ ಅವನ ತೊಡೆಯ ಮೇಲಿಟ್ಟು ಮತ್ತೆ ನೋಡಿದಳು. ಒಳಗಿನಿಂದ ಒಂದು ದೊಡ್ಡ ಉಸಿರು ಬಂತು.

“ಅದಲ್ಲ. ಇದು ಅದಲ್ಲ,” ಎಂದಳು. “ದಡ್ಡ. ಅವತ್ತೇ ನಂಗೆ ತೋರ್ಸಿದ್ರೆ ನಾನೇ ಹೇಳ್ತಿದ್ನಲ್ಲೋ, ಅದಲ್ಲ ಅಂತ. ನಂಗಿಂತ ಯಾವ ಡಾಕ್ಟ್ರಿಗೆ ಚೆನ್ನಾಗಿ ಗೊತ್ತು? ಹೋಗ್ಲಿ ಬುಡು.” ಅವಳ ಕಣ್ಣಿನ ನೀರು ತಾನಾಗಿ ಇಳಿದು ಮೊರಕ್ಕೆ ಬಿತ್ತು.

ಹೊಲದಿಂದ ಬಂದ ಲಕ್ಷ್ಮೀಕಾಂತ ಹುಳದ ಮನೆಯನ್ನು ತಿರುಗಿಸಿ ತಿರುಗಿಸಿ ನೋಡಿ, ಹುಲ್ಲಿನ ಕೊಟ್ಟಿಗೆಯ ಮೂಡಲ ಗೋಡೆಗೆ ಹೊಡೆಯೋಣ, ಅಲ್ಲಿಂದ ಹುಚ್ಚೆಳ್ಳು ಹತ್ತಿರ ಎಂದ. ಮೊಳೆ ಹೊಡೆದು ಇಬ್ಬರೂ ಹಿಂದೆ ಸರಿದು ನಿಂತು ನೋಡುತ್ತಿದ್ದಾಗ ಅಮ್ಮ ಒಳಗಿನಿಂದ ಕೂಗಿದಳು.

“ಹುಳಕ್ಕೆಲ್ಲ ಮನೆ ಕಟ್ಟೋನು, ನನ್ನ ಬಚ್ಚಲುಮನೆ ಬಾಗ್ಲು ಒಂದು ವರ್ಷದಿಂದ ಜೋತಾಡ್ತಾ ಐತೆ. ಅದಕ್ಕೊಂದು ದಾರಿ ಮಾಡು.”

ಮೇಲಿನ ಕೀಲು ಕಿತ್ತುಬಂದಿತ್ತು. ಶಿವಮೂರ್ತಿ ಹಳೇ ತೂತುಗಳಿಗೆ ಮರದ ಚಕ್ಕೆ ಬಡಿದು, ಕೀಲು ಕೂರಿಸಿ, ನಾಲ್ಕು ಸ್ಕ್ರೂಗಳನ್ನು ಒಂದೊಂದಾಗಿ ಕೈಯಿಂದಲೇ ತಿರುಗಿಸಿ ಬಿಗಿದ. ಅಮ್ಮ ಬಾಗಿಲನ್ನು ಒಂದು ಸಲ ಹಾಕಿ, ಒಂದು ಸಲ ತೆಗೆದು, ಚಿಲಕ ಹಾಕಿ ನೋಡಿದಳು. ಕೂತಿತು. ಮುದ್ದೆಗೆ ಎಸರಿಡಲು ಒಳಗೆ ಹೋದಳು.